ಕೇಳುವ ಮೊದಲೇ ಬಂದ ಪೆಟ್ಟಿಗೆ

ಕಾಂದಿವಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ವಿನೋದಿನಿಯ ಅಂಗಡಿಗೆ ಜನ ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಮೈಸೂರಿನ ಕಾಫಿಪುಡಿ ಕೇಳಿಕೊಂಡು ಬರುತ್ತಿದ್ದರು. ಕೇಳದೆಯೇ ಸಿಗುವ ಸಾಮಾನೂ ಅಲ್ಲಿ ಒಂದಿತ್ತು. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಯಾವ ಮನೆಯಲ್ಲಿ ಯಾರು ಕೈಬಿಟ್ಟು ಹೋಗುತ್ತಿದ್ದಾರೆ ಎಂಬುದು ವಿನೋದಿನಿಗೆ ಅವರು ಕೊಳ್ಳುವ ಸಾಮಾನಿನಿಂದಲೇ ತಿಳಿಯುತ್ತಿತ್ತು. ಮೊದಲು ವೀಳ್ಯದೆಲೆಯೋ ಕಾಫಿಪುಡಿಯೋ ನಿಲ್ಲುತ್ತದೆ. ಆಮೇಲೆ ಅಕ್ಕಿ ಕಡಿಮೆಯಾಗಿ ಗಂಜಿಯ ನುಚ್ಚು ಹೋಗುತ್ತದೆ. ಕೊನೆಗೆ ಕುಡಿಯುವ ಸ್ಟ್ರಾ ಕೇಳುತ್ತಾರೆ. ಸ್ಟ್ರಾ ಕೇಳಿದ ದಿನ ಅವಳ ಗಂಡ ಕಾಂತಪ್ಪ ಹಿಂದಿನ ಕೋಣೆಯಲ್ಲಿ ಒಂದು ಗಂಟು ಕಟ್ಟಿಡುತ್ತಿದ್ದ. ಬಿಳಿ ಬಟ್ಟೆ, ಎಳ್ಳು, ಬೆಳ್ತಿಗೆ ಅಕ್ಕಿ, ಮಣ್ಣಿನ ಮಡಕೆ. ಸಾವಿನ ಮನೆಯವರು ಈ ಊರಿನಲ್ಲಿ ಎಲ್ಲಿಗೆಂದು ಓಡಬೇಕು?

"ಯಾರ ಮನೆದ್ದು?" ಎಂದು ಕೇಳಿಯೇ ಅವನು ಕಟ್ಟಲು ಕೂರುವುದು. ಮೈಸೂರು ಕಡೆಯ ಬ್ರಾಹ್ಮಣರಾದರೆ ಗಂಟಿಗೆ ದರ್ಭೆ ಸೇರುತ್ತಿತ್ತು. ಕರಾವಳಿಯ ತಮ್ಮ ಪೈಕಿಯವರಿಗಾದರೆ ಇಲ್ಲ. ಕಾಯಿಲೆಯವರು ಎದ್ದು ಓಡಾಡಿದರೆ ಗಂಡ ಹೆಂಡತಿ ಸದ್ದಿಲ್ಲದೆ ಗಂಟು ಬಿಚ್ಚುತ್ತಿದ್ದರು. ಆ ದಿನ ವಿನೋದಿನಿ ಪಾಯಸ ಮಾಡುತ್ತಿದ್ದಳು.

ಇಂಥ ಗಲ್ಲಿಗೆ ಹಾಜಿರ್ ಬಂತು. ಮೊಬೈಲಿನಲ್ಲಿ ಒತ್ತಿದರೆ ಕೊತ್ತಂಬರಿ ಸೊಪ್ಪಿನಿಂದ ಕುಕ್ಕರಿನವರೆಗೆ ಎಲ್ಲವನ್ನೂ ಬಾಗಿಲಿಗೆ ತಂದು ಸುರಿಯುವ ಕಂಪೆನಿ. ಸೀರೆ ಅಂಗಡಿ ಮುಚ್ಚಿದ ಜಾಗದಲ್ಲಿ ಅದರ ಗೋದಾಮು ಎದ್ದಿತು. ಮೆಡಿಕಲ್‌ನವನು ಶಟರ್ ಎಳೆದ, ತರಕಾರಿ ಮಾರುವ ಭಾಜಿಯವನು ಊರಿಗೆ ಹೋದ. ಒತ್ತುವುದೂ ದಂಡವೆಂದು ಜನರಿಗೆ ಅನ್ನಿಸುವ ಹೊತ್ತಿಗೆ ಕಂಪೆನಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಇನ್ನು ಮುಂದೆ ಬೇಕಾದದ್ದು ಕೇಳುವ ಮೊದಲೇ ಬರುತ್ತದೆ. ಸೋಪು ಮುಗಿಯುವ ದಿನ ಸೋಪು ಬಂತು. ಜನ ಮರುಳಾದರು.

ಬಾಂದ್ರಾ ಆಫೀಸಿನಿಂದ ಅನಿಕೇತ್ ಎಂಬ ನಯವಾದ ಹುಡುಗ ಅಂಗಡಿಗೆ ಬಂದ. ಅಪ್ಪ ಧಾರವಾಡದವರಂತೆ, ಇವನ ಕನ್ನಡ ಮಾತ್ರ ಕುಂಟುತ್ತಿತ್ತು. "ಆಂಟಿ, ನಮ್ಮ ಪಾರ್ಟ್‌ನರ್ ಆಗಿ. ಅಂಗಡಿ ನಿಮ್ದೇ, ಡೆಲಿವರಿ ನಮ್ದು. ನಹೀ ತೋ ಒಂದು ವರ್ಷ ಕೂಡ ಅಂಗಡಿ ನಡೆಸೋದು ಮುಶ್ಕಿಲ್." ಬೆದರಿಕೆಯನ್ನೂ ನಗುತ್ತಲೇ ಹೇಳಿ ಒಂದು ಟ್ಯಾಬ್ ಕೊಟ್ಟುಹೋದ. ಅವಳ ಸ್ವಂತ ಮನೆಗೆ ಒಯ್ಯುವ ಸಾಮಾನನ್ನೂ ಅದರಲ್ಲೇ ಬಿಲ್ ಮಾಡಬೇಕೆಂದ. ಮಶೀನಿಗೆ ಎಲ್ಲರ ಹ್ಯಾಬಿಟ್ ತಿಳಿಯಬೇಕಂತೆ.

ಟ್ಯಾಬ್‌ಗೆ ಕಾಣುವ ಮಾಲನ್ನೆಲ್ಲ ಹಾಜಿರ್ ಸಿಕ್ಕಸಿಕ್ಕವರಿಗೆ ಮಾರಿಬಿಡುತ್ತಿತ್ತು. ಗಂಟಿನ ಬಟ್ಟೆ, ಮಡಕೆ ಉಳಿಯಬೇಕಲ್ಲ ಎಂದು ವಿನೋದಿನಿ ಅವನ್ನು ಟ್ಯಾಬ್‌ನಲ್ಲೇ ಆಯಾ ಮನೆಯ ಹೆಸರಿಗೆ ಕಾದಿರಿಸತೊಡಗಿದಳು. ಅದರಲ್ಲೇನು ತಪ್ಪೆಂದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಶಾಮಲಾ ಅಂಗಡಿಗೆ ಬಂದು ಒಂದು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟರು. ಎದುರು ಬಿಲ್ಡಿಂಗಿನವರು, ಅಂಗಡಿ ತೆರೆದಂದಿನಿಂದ ಬರುತ್ತಿದ್ದವರು. ಅವರ ಯಜಮಾನರು ಸೀತಾರಾಮ, ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು.

"ಬೆಲ್ ಆಯ್ತು. ಇವರೇ ಗೋಡೆ ಹಿಡ್ಕೊಂಡು ಹೋಗಿ ಬಾಗಿಲು ತೆಗೆದ್ರು. ಹಾರ್ಲಿಕ್ಸ್ ಬಂತು ಅಂತ ಇವರೇ ಬಿಚ್ಚಿದ್ರು." ಶಾಮಲಾ ದನಿ ಏರಿಸಲಿಲ್ಲ. "ದರ್ಭೆ ಕೈಯಲ್ಲಿ ಹಿಡ್ಕೊಂಡು ನನ್ನ ಮುಖ ನೋಡಿದ್ರು, ವಿನೋದಿನಿ. ಮೇಲೆ ನಿಮ್ಮ ಅಂಗಡಿ ಹೆಸರಿದೆ."

"ನಾನು ಕಳಿಸ್ಲಿಲ್ಲ ಅಮ್ಮ. ಇಟ್ಟದ್ದು ಮಾತ್ರ."

"ಇಟ್ಟಿದ್ದು ಯಾಕೆ?"

ಎಷ್ಟೋ ಮನೆಯವರು ಕಣ್ಣೀರಿಟ್ಟು ಕೈಮುಗಿದ ಕೆಲಸ ಆ ಒಂದು ಪ್ರಶ್ನೆಯ ಮುಂದೆ ಹೊಲಸಾಗಿ ಕಂಡಿತು.

ಸುದ್ದಿ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಹಬ್ಬಿತು. ಜನ ಅಂಗಡಿಯತ್ತ ಕಣ್ಣು ಹಾಯಿಸದೆ ದಾಟತೊಡಗಿದರು. ತಮಾಷೆಯೆಂದರೆ ಹಾಜಿರ್‌ನಿಂದ ತರಿಸುವುದನ್ನು ಯಾರೂ ಬಿಡಲಿಲ್ಲ. ಅದೇ ವಾರ ಸೀತಾರಾಮ ತೀರಿಕೊಂಡರು.

ವಿನೋದಿನಿ ಫೋನಿನಲ್ಲಿ ಬೈದ ಬೈಗುಳಕ್ಕೆ ಅನಿಕೇತ್ ಓಡಿಬಂದ. ಕಾದಿರಿಸಿದ್ದನ್ನೇ ಆರ್ಡರೆಂದು ತಿಳಿದು ಮಶೀನು ಗೋದಾಮಿನಿಂದ ಕಳಿಸಿಬಿಟ್ಟಿತ್ತಂತೆ. ಕ್ಷಮೆ ಕೇಳಿದ. ಕೇಳಿದ ಮೇಲೆ ಮೆಲ್ಲಗೆ, "ಆದರೆ ಆಂಟಿ, ಗಲತ್ ತೋ ನಹೀ ಥಾ ನಾ? ಮಶೀನ್ ಹೇಳಿದ್ದು ತಪ್ಪಾಗ್ಲಿಲ್ಲ ಅಲ್ವಾ?" ಎಂದ.

ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. "ಇನ್ನು ಒಂದು ಗಂಟೂ ಇದರಲ್ಲಿ ಬರೆಯೂದಿಲ್ಲ ನಾನು. ತಕೊಂಡು ಹೋಗು ನಿನ್ನ ಟ್ಯಾಬ್."

"ಪರವಾಗಿಲ್ಲ. ನೀವು ಈಗ ಬರೀಬೇಕಾಗಿಲ್ಲ," ಎಂದ ಹುಡುಗ, ಸಮಾಧಾನ ಹೇಳುವವನಂತೆ. "ಯಾವ ಸಾಮಾನು ನಿಂತ್ರೆ, ಯಾವ್ದು ಶುರು ಆದ್ರೆ ನೀವು ಇಡ್ತೀರಿ, ಅದು ನೋಡಿ ಮಶೀನ್ ಕಲ್ತಿದೆ. ಇನ್ನು ಅಪ್ನೇ ಆಪ್, ತಾನಾಗೇ ತಿಳ್ಕೊಳ್ತದೆ."

ಅವನು ಹೋದ ಮೇಲೆ ಅವಳು ಶಟರ್ ಅರ್ಧ ಎಳೆದಳು. ಗಿರಾಕಿಯಿಲ್ಲದ ಅಂಗಡಿಯಲ್ಲಿ ಕೂತು ಎರಡು ದಿನ ಅದನ್ನೇ ಯೋಚಿಸಿದಳು. ತನ್ನ ಕಣ್ಣನ್ನೇ ಯಾರೋ ಕಿತ್ತು ಒಯ್ದಂತೆ ಅನ್ನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಯ ಬೆಲ್ ಆಯಿತು. ಹೊಸ್ತಿಲಲ್ಲಿ ಹಾಜಿರ್ ಪೆಟ್ಟಿಗೆ ಇತ್ತು, ತಂದವನು ಆಗಲೇ ಮೆಟ್ಟಿಲಿಳಿದಿದ್ದ. ತಾನು ಏನನ್ನೂ ತರಿಸಿರಲಿಲ್ಲ. ವಿನೋದಿನಿ ನಿಂತಲ್ಲೇ ಟೇಪು ಕಿತ್ತಳು. ಬಿಳಿ ಬಟ್ಟೆ, ಎಳ್ಳು, ಬೆಳ್ತಿಗೆ ಅಕ್ಕಿ, ಮಣ್ಣಿನ ಮಡಕೆ. ಚೀಟಿಯ ಮೇಲೆ ಅವಳದೇ ಮನೆಯ ವಿಳಾಸ.

ಒಳಗೆ ಕಿಟಕಿಯ ಬಳಿ ಕಾಂತಪ್ಪ ಗಂಜಿಯ ಲೋಟ ಹಿಡಿದು ಕೂತಿದ್ದ. ಬಾಯಿಹುಣ್ಣೆಂದು ಅವನು ವೀಳ್ಯ ಬಿಟ್ಟದ್ದು ದೀಪಾವಳಿಗೆ. ಗ್ಯಾಸೆಂದು ಊಟ ಬಿಟ್ಟು ನುಚ್ಚಿನ ಗಂಜಿಗೆ ಇಳಿದದ್ದು ಆಮೇಲೆ. ಗಂಟಲು ಕೆರೆಯುತ್ತದೆಂದು ಕಳೆದ ವಾರ ಅಂಗಡಿಯಿಂದ ಸ್ಟ್ರಾದ ಕಟ್ಟು ತಂದಿದ್ದ. ಒಂದೊಂದನ್ನೂ ಆ ಟ್ಯಾಬ್‌ನಲ್ಲಿ ಬಿಲ್ ಮಾಡಿದವಳು ಅವಳೇ. ಬೇರೆ ಯಾರ ಮನೆಯದಾಗಿದ್ದರೂ ಎಂದೋ ಕಾಣುತ್ತಿತ್ತು. ತನ್ನ ಮನೆಯದು ಕಾಣಲಿಲ್ಲ.

"ಎಂತ ಅದು?" ಎಂದ ಕಾಂತಪ್ಪ. ಕತ್ತು ಚಾಚಿ ಪೆಟ್ಟಿಗೆಯೊಳಗೆ ನೋಡಿದ. ಎಷ್ಟೋ ವರ್ಷ ತನ್ನ ಕೈಯಿಂದ ಕಟ್ಟಿದ ಸಾಮಾನು ಅವನಿಗೆ ತಿಳಿಯದೆ ಇದ್ದೀತೆ?

"ಯಾರ ಮನೆದ್ದು?"

ವಿನೋದಿನಿ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ದರ್ಭೆ ಇಲ್ಲ," ಎಂದ ಅವನು. "ನಮ್ಮವರೇ ಯಾರೋ, ಪಾಪ." ಮತ್ತೆ ಸ್ಟ್ರಾವನ್ನು ತುಟಿಗೆ ಹಚ್ಚಿ, ಕಷ್ಟಪಟ್ಟು ಒಂದು ಗುಟುಕು ನುಂಗಿದ.