ಆರನೇ ಸುತ್ತು

ಹೊಸ ಬಣ್ಣದ ವಾಸನೆ, ಅದರಡಿಯಲ್ಲಿ ಹಳೆಯ ಡೀಸೆಲ್ಲಿನದು, ಬೆವರಿನ ಮೇಲೆ ಅತ್ತರು ಬಳಿದ ಹಾಗೆ — ಚಳಿಗಾಲ ಮುಗಿಯುತ್ತ ಬಂದರೂ ಬೆಳಗಿನ ಕಬ್ಬಿಣ ಇನ್ನೂ ಕೈ ಕಚ್ಚುತ್ತದೆ, ಗಿರಣಿಯ ಬಾಗಿಲಲ್ಲಿ ಆಗಲೇ ನಾಲ್ಕು ಚೀಲ ಗೋಧಿ ಬಂದು ಕೂತಿವೆ, ಒಂದು ಚೀಲವನ್ನು ಹೊಸದಾಗಿ ಹಾಕಿಸಿದ ಕರೆಂಟಿನ ಮೋಟಾರಿನ ಕಲ್ಲಿಗೆ ಸುರಿದು ಬಂದಿದ್ದೇನೆ, ಅದು ಗುಂಯ್ ಅನ್ನುತ್ತಿದೆ, ನಾನು ಹಿಟ್ಟಿನ ಕೈಯಲ್ಲೇ ಹಿಂದಿನ ಶೆಡ್ಡಿನಲ್ಲಿ ನಿಂತು ಅಣ್ಣ ಅಪ್ಪನ ಕಾಲದ ಇಂಜಿನ್ನಿನೊಂದಿಗೆ ಹೆಣಗುವುದನ್ನು ನೋಡುತ್ತಿದ್ದೇನೆ, ಹ್ಯಾಂಡಲ್ ಹಾಕುತ್ತಾನೆ, ತಿರುಗಿಸುತ್ತಾನೆ, ಚಕ್ರ ಉಸ್ಸೆಂದು ಸುತ್ತಿ ನಿಲ್ಲುತ್ತದೆ, ಹೊಗೆಯ ಒಂದು ಎಳೆಯೂ ಇಲ್ಲ — ತಿರುಗಿಸಲಿ, ಇನ್ನೂ ತಿರುಗಿಸಲಿ, ಬೆವರು ಕಣ್ಣಿಗಿಳಿಯಲಿ. ಹಳೇ ಯಂತ್ರ ಕೊಳ್ಳುವವನು ಕೈಕಟ್ಟಿಕೊಂಡು ಗೋಡೆಗೆ ಒರಗಿದ್ದಾನೆ, ನನ್ನ ಕಣ್ಣೆದುರು ಓಡಿದ್ರೆ ತಗೋತೀನಿ ಸಾರ್, ಓಡದಿದ್ರೆ ಗುಜರಿ ಲೆಕ್ಕ. ಓಡುತ್ತೆ ಓಡುತ್ತೆ, ನಮ್ಮಪ್ಪ ತಂದಿದ್ದು, ಇವತ್ತಿನವರೆಗೂ ಒಬ್ಬರಿಗೂ ಕೈಕೊಟ್ಟಿಲ್ಲ ಅನ್ನುತ್ತಾನೆ ಅಣ್ಣ. ಕೊಟ್ಟಿಲ್ಲವಂತೆ. ಕೈ ತಗೊಂಡಿದ್ದನ್ನು ಹೇಳುವುದಿಲ್ಲ.

ಏ ಸೊಟ್ಟಿ, ಬಾರೇ ಇಲ್ಲಿ, ನಿನ್ನ ಮಾತು ಕೇಳುತ್ತಲ್ಲ ಇದು, ಏನಾಗಿದೆ ನೋಡು. ಸೊಟ್ಟಿ — ನನ್ನ ಬಲಗೈ ಹೆಬ್ಬೆರಳಿನ ಮೂಳೆ ಸೊಟ್ಟಗೆ ಕೂಡಿಕೊಂಡ ತಿಂಗಳಲ್ಲೇ ಇಟ್ಟ ಹೆಸರು, ಮೂವತ್ತೊಂದು ವರ್ಷವಾಯಿತು, ಮದುವೆಯಾಗಿ ಬೇರೆ ಊರು ಸೇರಿದವನು ಬಂದಾಗಲೆಲ್ಲ ಅದೇ ಹೆಸರು ಹಿಡಿದೇ ಒಳಗೆ ಬರುತ್ತಾನೆ. ಏನಾಗಿದೆ ಅಂತ ನನಗೆ ಆಗಲೇ ಗೊತ್ತು, ಟ್ಯಾಂಕಿನ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತಿದೆ, ಗಾಳಿ ಆಡಲೆಂದು, ಮಾರುವ ಸಡಗರದಲ್ಲಿ ಅವನು ಮುಚ್ಚಳಕ್ಕೂ ಹಸಿರು ಬಣ್ಣ ಬಳಿದು ಅದನ್ನು ಮುಚ್ಚಿಬಿಟ್ಟಿದ್ದಾನೆ, ಗಾಳಿ ಹೋಗದೆ ಎಣ್ಣೆ ಇಳಿಯದು, ನಿನ್ನೆ ಒಂದು ಗಳಿಗೆ ಓಡಿ ಸತ್ತದ್ದು ಅದಕ್ಕೇ, ಈಗ ಪೈಪಿನ ತುಂಬ ಏರ್ ಹಿಡಿದಿದೆ — ಚಂದ ಮಾಡಲು ಹೋಗಿ ಉಸಿರು ಕಟ್ಟಿಸುವುದು, ಅವನ ಜಾಯಮಾನವೇ ಅಷ್ಟು. ನಾನು ಸುಮ್ಮನಿದ್ದರೆ ಸಾಕು, ಮಾರಾಟ ಮುರಿಯುತ್ತದೆ, ಅವನು ಮೋರೆ ಇಳಿಬಿಟ್ಟುಕೊಂಡು ಬಸ್ಸು ಹತ್ತುತ್ತಾನೆ, ಆದರೆ ಅಷ್ಟು ಸಾಲದು, ಅಷ್ಟಕ್ಕೆ ತೀರುವುದಿಲ್ಲ, ಇದಕ್ಕೆ ಜೀವ ಬರಬೇಕು, ಒದೆಯುವಷ್ಟು ಜೀವ, ಯಾಕೆಂದರೆ ಅವನು ಹ್ಯಾಂಡಲ್ ಹಿಡಿದ ರೀತಿ ನೋಡಿದ್ದೇನೆ, ಹೆಬ್ಬೆರಳು ಸುತ್ತ ಬಿಗಿದುಕೊಂಡಿದೆ, ಹಗ್ಗ ಹಿಡಿದ ಹಾಗೆ.

ಕುಪ್ಪಸದ ಅಂಚಿನಿಂದ ಸೂಜಿ ತೆಗೆಯುತ್ತೇನೆ — ಸೂಜಿ ಚುಚ್ಚಿಟ್ಟುಕೊಳ್ಳುವ ಚಾಳಿ ಬಿಟ್ಟಿಲ್ಲ, ಹೊಲಿಗೆ ಬಿಟ್ಟರೂ. ಹತ್ತೊಂಬತ್ತಾಗಿತ್ತು ನನಗೆ, ಪೇಟೆಯ ದೊಡ್ಡ ಅಂಗಡಿಯ ಟೈಲರ್ ಮಾಸ್ತರು ನಾನು ಕತ್ತರಿಸಿದ ತೋಳು ಎತ್ತಿ ಬೆಳಕಿಗೆ ಹಿಡಿದು, ಸೋಮವಾರದಿಂದ ಬಾರಮ್ಮ, ಕಟಿಂಗಿಗೇ ಕೂರಿಸ್ತೀನಿ ಅಂದರು, ಆಗ ಶನಿವಾರ, ಅಪ್ಪನಿಗೆ ಜ್ವರ, ಗಿರಣಿಯ ಮುಂದೆ ಚೀಲಗಳ ಸಾಲು, ಅಣ್ಣ ಹೇಳಿದ, ನೀನು ತಿರುಗಿಸು, ನಾನು ಲಿವರ್ ಬಿಡ್ತೀನಿ, ಗಟ್ಟಿಯಾಗಿ ಹಿಡ್ಕೋ, ಗೊಂಬೆ ಥರ ಹಿಡೀಬೇಡ. ಇಂಜಿನ್ನಿನ ತಲೆಯ ಮೇಲಿನ ಆ ಲಿವರ್ ಎತ್ತಿದ್ದಷ್ಟು ಹೊತ್ತು ಚಕ್ರ ಹಗುರ, ಆರು ಸುತ್ತು ಬಂದು ವೇಗ ಕೂಡಿದ ಮೇಲೆ ಕೆಡವಿದರೆ ಹೊತ್ತಿಕೊಳ್ಳುತ್ತದೆ, ಮೊದಲೇ ಕೆಡವಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ, ಅವನು ಚೀಲದವರ ಕಡೆ ಕಣ್ಣು ಹೊಡೆದು ಎರಡನೇ ಸುತ್ತಿಗೇ ಕೆಡವಿದ. ಹೆದರಿಸೋಣ ಅಂತ ಮಾಡಿದೆ ಕಣಪ್ಪ ಅಂದನಂತೆ ಅಪ್ಪನಿಗೆ. ಬ್ಯಾಂಡೇಜು ಕಟ್ಟಿದ ಕೈ ನೋಡಿ ಅಪ್ಪ ಹೇಳಿದ್ದು ಒಂದೇ ಮಾತು, ಹೆಬ್ಬೆರಳು ಸುತ್ತಬಾರದು ಮಗಳೇ, ನಾಲ್ಕು ಬೆರಳಿನ ಜೊತೆ ಒಂದೇ ಕಡೆ ಇಡಬೇಕು, ನಿಮ್ಮಣ್ಣನಿಗೆ ಹೇಳಿದ್ದೆನಲ್ಲ. ಹೇಳಿದ್ದರು! ಗೊತ್ತಿದ್ದೂ ಗಟ್ಟಿಯಾಗಿ ಹಿಡಿ ಅಂದ — ಆ ಒಂದು ಮಾತನ್ನು ಕೆಂಡದ ಹಾಗೆ ಬೂದಿ ಮುಚ್ಚಿ ಮುಚ್ಚಿ ಕಾಪಾಡಿದ್ದೇನೆ, ಕತ್ತರಿ ಹಿಡಿಯಲಾಗದೆ ಇದೇ ಗಿರಣಿಯಲ್ಲಿ ಉಳಿದು, ದಿನಾ ಬೆಳಗ್ಗೆ ಇದನ್ನೇ ತಿರುಗಿಸುತ್ತ, ತಿರುಗಿಸಲು ಹೆಬ್ಬೆರಳು ಬೇಡವೇ ಬೇಡ ಅಂತ ಹಲ್ಲು ಕಚ್ಚುತ್ತ.

ಸೂಜಿ ಚುಚ್ಚಿದೆ, ಮುಚ್ಚಳ ಸಣ್ಣಗೆ ಉಸಿರೆಳೆದುಕೊಂಡಿತು, ಪಂಪಿನ ಹತ್ತಿರದ ನಟ್ಟು ಸಡಿಲಿಸಿದೆ, ನೊರೆ ಬಂತು, ಗುಳ್ಳೆ ಬಂತು, ಆಮೇಲೆ ಗುಳ್ಳೆಯಿಲ್ಲದ ಎಣ್ಣೆ, ಬಿಗಿದು ಒಂದು ಸುತ್ತು ತಿರುಗಿಸಿದರೆ ತಲೆಯೊಳಗಿಂದ ಕರ್ಕ್ ಅಂದಿತು, ಎಣ್ಣೆ ಚಿಮ್ಮುವ ಸದ್ದು, ಸಿದ್ಧವಾಯಿತು. ಅಕ್ಕನಿಗೆ ವಿದ್ಯೆ ಗೊತ್ತು ಅನ್ನುತ್ತಾನೆ ಕೊಳ್ಳುವವನು, ಅಣ್ಣ ನನ್ನ ಕೈಯಿಂದ ಹ್ಯಾಂಡಲ್ ಕಿತ್ತುಕೊಳ್ಳುತ್ತಾನೆ, ಸರಿ ಸರಿ, ನೀನು ಲಿವರ್ ಬಿಡು, ನಾನು ತಿರುಗಿಸ್ತೀನಿ, ಮತ್ತೆ ಹ್ಯಾಂಡಲಿಗೆ ಬೆರಳು ಸುತ್ತಿದ, ಮತ್ತೆ ಅದೇ ಹೆಬ್ಬೆರಳು — ಅಯ್ಯೋ, ಇವನಿಗೆ ಗೊತ್ತೇ ಇಲ್ಲ, ಅಪ್ಪನ ಮಾತು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬಂದಿದೆ, ಅವತ್ತೂ ಗೊತ್ತಿರಲಿಲ್ಲ, ಗೊತ್ತಿದ್ದವನು ಇವತ್ತು ಹೀಗೆ ಹಿಡಿಯುತ್ತಿದ್ದನೇ? ಇರಲಿ, ಗೊತ್ತಿಲ್ಲದೆ ಮಾಡಿದ ಅಂದರೆ ನನ್ನ ಬೆರಳು ನೆಟ್ಟಗಾಗುತ್ತದೆಯೇ, ಕಣ್ಣು ಹೊಡೆದದ್ದಂತೂ ಗೊತ್ತಿದ್ದೇ ಅಲ್ಲವೇ. ಲಿವರ್ ಎತ್ತಿ ಸೊಟ್ಟ ಹೆಬ್ಬೆರಳನ್ನೇ ಅದಕ್ಕೆ ಆನಿಸಿದೆ. ಒಂದು. ಚಕ್ರ ಭಾರವಾಗಿ ಏಳುತ್ತದೆ. ಎರಡು — ಈಗ, ಇದೇ ಸುತ್ತು, ಇದೇ ಜಾಗ, ಒತ್ತು, ಒತ್ತೇ — ಕೈ ಒತ್ತುವುದಿಲ್ಲ. ಮೂರು, ಇನ್ನೂ ನಿಧಾನವೇ, ಇನ್ನೂ ಒದೆಯುತ್ತದೆ, ಏ ನಾನು ಬಿಡು ಅಂದಾಗ ಬಿಡೇ ಅನ್ನುತ್ತಿದ್ದಾನೆ ಏದುಸಿರಲ್ಲಿ. ನಾಲ್ಕು, ಇದು ಯಾರ ಕೈ, ಮೂವತ್ತೊಂದು ವರ್ಷ ಚಕ್ರದ ಮಾತು ಕೇಳಿ ಕೇಳಿ ನನ್ನ ಮಾತು ಮರೆತ ಕೈ. ಐದು, ಕಡೆಯ ಸಲ, ಈಗಲಾದರೂ. ಆರು — ಕೈ ತಾನಾಗಿ ಕೆಡವಿತು, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ.

ಡುಬ್. ಡುಬ್ ಡುಬ್. ಹ್ಯಾಂಡಲ್ ತಾನೇ ಕಳಚಿ ಅವನ ಕೈಗೆ ಬಂತು, ನೋಡಿದ್ರಾ, ನಾ ಹೇಳ್ಲಿಲ್ವಾ, ನನ್ನ ಕೈಗುಣ ಅಂಥದ್ದು, ಕೊಳ್ಳುವವನು ನಗುತ್ತ ಲಾರಿಯವನನ್ನು ಕೂಗುತ್ತಾನೆ, ಒಳಗೆ ನನ್ನ ಗೋಧಿ ಮುಗಿದು ಕಲ್ಲು ಬರಿದೇ ಅರೆಯುತ್ತಿದೆ, ಹೋಗಬೇಕು, ಹೊಗೆಯ ನಡುವೆ ಅಣ್ಣ ಗೆದ್ದವನ ಹಾಗೆ ಕೈಯೆತ್ತಿ ಕೊಳ್ಳುವವನಿಗೆ ತೋರಿಸುತ್ತಿದ್ದಾನೆ, ಹೆಬ್ಬೆರಳು, ಡುಬ್, ಹೆಬ್ಬೆರಳು, ಡುಬ್, ಮಸಿ ಹತ್ತಿದ, ಗಾಯವಿಲ್ಲದ, ನೆಟ್ಟಗೆ ನಿಂತ ಹೆಬ್ಬೆರಳು.