ಎಕ್ಕದ ಗಿಡದ ಮದುವೆ

"ಆ ಟೊಂಗಿ ಕೆಳಗಿಡ್ರಿ!" ಚೌಡಕ್ಕ ಲಕ್ಷ್ಮೀನರಸಪ್ಪನ ಕೈ ಹಿಡಿದೇಬಿಟ್ಟಳು.

ಅಂಗಳದಲ್ಲಿ ಅವನ ತಮ್ಮ ವೆಂಕಟಸ್ವಾಮಿಯ ಹೆಣ ಮಲಗಿತ್ತು. ರಾಯದುರ್ಗದ ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ಟರ್; ಚೌಡಕ್ಕ ಅಲ್ಲೇ ಹೊಲಿಗೆಯವಳು. ನಿನ್ನೆ ಎದೆನೋವೆಂದವನು ಮತ್ತೆ ಏಳಲಿಲ್ಲ. ಮದುವೆಯಾಗದೆ ಸತ್ತವನಿಗೆ ಎಕ್ಕದ ಗಿಡದ ಜೊತೆ ಮದುವೆ ಮಾಡಿಯೇ ಎತ್ತಬೇಕೆಂದು, ಅಮರಾಪುರದಿಂದ ಬಂದ ಅಣ್ಣ ಬಸ್ಸಿಳಿದವನೇ ದಾರಿಬದಿಯ ಟೊಂಗೆ ಮುರಿದು, ಅರಿಶಿನದ ದಾರವನ್ನೂ ತಂದಿದ್ದ.

"ಬ್ರಹ್ಮಚಾರಿ ಹೆಣ ಹಂಗೇ ಎತ್ತಕ್ಕಾಗ್ತೈತೇನಮ್ಮ?"

"ಯಾರ್ರೀ ಬ್ರಹ್ಮಚಾರಿ? ಹದಿನಾಲ್ಕು ವರ್ಷ ಸಂಸಾರ ಮಾಡ್ಯಾನ. ಅಗೋ, ಅವನ ಜೋಡಿ ಅಲ್ಲಿ ಕುಂತಾನ ನೋಡ್ರಿ."

ಹೆಣದ ತಲೆಯ ಬಳಿ ಇಸ್ತ್ರಿ ಅಂಗಡಿಯ ರವಿಶಂಕರ ಕುಳಿತಿದ್ದ. ಬೆಳಗಿನಿಂದ ಬಂದವರೆಲ್ಲ 'ರೂಮ್‌ಮೇಟಾ?' ಎಂದು ಕೇಳಿ ಕೇಳಿ ಅವನ ಜೀವ ತಿಂದಿದ್ದರು.

*

ಆರು ವರ್ಷದ ಹಿಂದೆ ಕಾರ್ಖಾನೆಯ ಗೋಡೆಗೆ ಹೊಸ ನೋಟೀಸು ಬಿತ್ತು: ಜಾತಿ, ಧರ್ಮ, ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬ ಕಾರಣಕ್ಕೆ ಇಲ್ಲಿ ಭೇದ ಮಾಡುವಂತಿಲ್ಲ. ಪಕ್ಕದಲ್ಲೇ ಫ್ಯಾಮಿಲಿ ಡೇ ಊಟಕ್ಕೆ ಮನೆಯವರ ಹೆಸರು ಬರೆಯುವ ಪಟ್ಟಿ. ವೆಂಕಟಸ್ವಾಮಿ ತನ್ನ ಹೆಸರಿನ ಮುಂದೆ ರವಿಶಂಕರನ ಹೆಸರು ಬರೆದ.

"ಮಾಸ್ಟರ್, ನೋಟೀಸು ಫಾರಿನ್ ಕಂಪನಿ ಆಡಿಟ್‌ನೋರಿಗೆ ತೋರಿಸೋಕೆ ಹಾಕಿದ್ದು," ಎಂದು ಮ್ಯಾನೇಜರ್ ಪಿಸುಗುಟ್ಟಿದ.

"ಹಂಗಾದ್ರ ಅವರ ಮನಿಗೆ ಅಂಟಿಸಬೇಕಿತ್ರಿ. ನಮ್ಮ ಗೋಡಿಗೆ ಅಂಟಿಸೀರಿ, ನಾವು ಓದೀವಿ," ಎಂದ ವೆಂಕಟಸ್ವಾಮಿ, ಕೊನೆಯ ಮಷೀನಿಗೂ ಕೇಳುವಂತೆ. "ಅವನು ನನ್ನ ಮನುಷ್ಯ. ಕೆಲಸದಿಂದ ತೆಗೀತೀರೇನು? ತೆಗೀರಿ, ಕಾರಣ ಬರದು ಕೊಡ್ರಿ."

ಬರೆದು ಕೊಡುವ ಧೈರ್ಯ ಯಾರಿಗಿತ್ತು? ರವಿಶಂಕರ ಬಂದ, ಮೊದಲ ಸಾಲಿನಲ್ಲೇ ಕುಳಿತು ಉಂಡ. ಆಮೇಲೆ ತಿಂಗಳುಗಟ್ಟಲೆ ಮಾಸ್ಟರ್ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ, ಚೌಡಕ್ಕನೂ. ಅವನೋ ದಿನಾ ನಟ್ಟನಡುವಿನ ಬೆಂಚಿನಲ್ಲೇ ಕುಳಿತ. ಕೊನೆಗೆ ನಾಚಿಕೆಯಾದದ್ದು ಉಳಿದವರಿಗೆ.

*

"ನಾನೂ ದೂರ ಕುಂತು ಉಂಡಾಕಿನೇ, ಅದು ಇನ್ನೂ ಚುಚ್ತತಿ ನನಗ," ಎಂದಳು ಚೌಡಕ್ಕ. "ಇವತ್ತು ಮಾತ್ರ ದೂರ ನಿಲ್ಲಂಗಿಲ್ಲ."

ಲಕ್ಷ್ಮೀನರಸಪ್ಪ ಹೆಣದತ್ತ ಕೈ ತೋರಿಸಿದ. "ನನ್ ತಮ್ಮ ಕಣಮ್ಮ ಅವ್ನು. ಮದ್ವೆ ಇಲ್ದಂಗೆ ಹೆಂಗ್ ಕಳಿಸ್ಲಿ?"

ರವಿಶಂಕರ ಎದ್ದ. ಅಂಗಿ ಎತ್ತಿ, ಸೊಂಟದ ಉಡಿದಾರಕ್ಕೆ ಬೆರಳು ಹಾಕಿದ.

"ಏಯ್, ಅದು ಹೆಂಡ್ತಿ ಸತ್ತೋರು ತೆಗೆಯೋದು ಕಣಯ್ಯ!" ಎಂದು ಲಕ್ಷ್ಮೀನರಸಪ್ಪ ಕೂಗಿದ.

"ಗೊತ್ತೈತ್ರಿ," ಎಂದ ರವಿಶಂಕರ.

ಎಳೆದರೆ ಹರಿಯಲಿಲ್ಲ. ಚೌಡಕ್ಕ ತನ್ನ ಸಂಚಿಯಿಂದ ನೂಲು ಕತ್ತರಿಸುವ ಟ್ರಿಮ್ಮರ್ ತೆಗೆದುಕೊಟ್ಟಳು. ಅಂಗಳ ತುಂಬಿದ್ದ ಜನರ ಕಣ್ಣೆದುರೇ ಅವನು ಕತ್ತರಿಸಿ, ಆ ಕರೀ ದಾರವನ್ನು ವೆಂಕಟಸ್ವಾಮಿಯ ಎದೆಯ ಮೇಲಿಟ್ಟ.

ಲಕ್ಷ್ಮೀನರಸಪ್ಪ ಬಗ್ಗಿದ. ತೆಗೆದು ಎಸೆಯುತ್ತಾನೆಂದು ಚೌಡಕ್ಕ ಮುಂದೆ ನುಗ್ಗಿದಳು. ಅವನು ದಾರವನ್ನು ತಮ್ಮನ ಕಟ್ಟಿದ ಕೈಗಳ ಕೆಳಗೆ ಸೇರಿಸಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದ.