ಹಜೀರಾ ಆಡದ ಮಾತು

ನವೆಂಬರ್ ೧೨, ೨೦೨೪. ಬೆಳಗಿನಿಂದ ಮೋಡ, ಮಧ್ಯಾಹ್ನ ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು.

ನ್ಯಾಮತಿಯ ಬಸ್ ನಿಲ್ದಾಣದ ಹಿಂದೆ ದಾರ, ಗುಂಡಿ, ಲೈನಿಂಗ್ ಬಟ್ಟೆ ಮಾರುವ ಹಜೀರಾ ‘ಇಲ್ಲ’ ಎಂದದ್ದನ್ನು ನಾನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆ ಮಾತು ಅಂಗಡಿಯಲ್ಲಿ ಬಿದ್ದರೆ ಬರಕತ್ತು, ಅದರ ಏಳಿಗೆ, ಹೋಗುತ್ತದೆಂಬುದು ಅವಳ ತಂದೆ ನಬೀಸಾಬರು ಗಲ್ಲಾಪೆಟ್ಟಿಗೆಯ ಜೊತೆಗೇ ಬಿಟ್ಟುಹೋದ ನಿಯಮ. ಮುಗಿದ ಸಾಮಾನಿಗೆಲ್ಲ ಅವಳದು ಒಂದೇ ಉತ್ತರ: “ನಾಳೆ ಬರ್ತೈತೆ.”

“ನಿನ್ನ ನಾಳೆ ಯಾವ ಊರಿಂದ ಬರ್ತೈತವ್ವಾ, ನಡ್ಕೊಂಡೇನು? ಮೂರು ವಾರ ಆತು, ಹಸಿರು ದಾರ ಬರ್ತಾನೇ ಐತೆ!” ಎಂದು ಬಟ್ಟೆ ಹೊಲಿಯುವ ಲಕ್ಷ್ಮಕ್ಕ ಛೇಡಿಸುತ್ತಿದ್ದಳು.

ಕೊರಳಲ್ಲಿ ಅಳತೆಯ ಟೇಪು, ಮೈಮೇಲೆ ಬೇಸಿಗೆಯಲ್ಲೂ ತಮ್ಮನ ನೀಲಿ ಜಾಕೆಟ್ಟು, ಎಡಗೈಯಲ್ಲಿ ಸದಾ ಫೋನು. ಆ ಕೈಯ ಕಡೆಗೇ ತುಸು ವಾಲಿ ನಡೆಯುವ ಅವಳನ್ನು ದೂರದಿಂದಲೇ ಗುರುತಿಸಬಹುದಿತ್ತು. ತಮ್ಮ ಫಯಾಜ್ ಸರಕು ಹಡಗೊಂದರ ಅಡುಗೆಯವನು. ಹದಿನಾಲ್ಕು ತಿಂಗಳ ಹಿಂದೆ ಪೆರು ದೇಶದ ಬಂದರೊಂದರಲ್ಲಿ ಇಳಿದವನು ಹಡಗಿಗೆ ಮರಳಲಿಲ್ಲ. ಅಂದಿನಿಂದ ಅವಳು ಫೋನಿನಲ್ಲಿ ಪಾಠ ಕೇಳುತ್ತ ಸ್ಪ್ಯಾನಿಷ್ ಕಲಿಯತೊಡಗಿದಳು; ‘ಇಲ್ಲ’ ಎನ್ನುವ ಪದಗಳ ಪಾಠ ಬಂದಾಗಲೆಲ್ಲ ಹಾರಿಸಿ ಮುಂದೆ ಹೋದಳು.

ಆಗಸ್ಟಿನಲ್ಲಿ ಅಲ್ಲಿನ ಅಧಿಕಾರಿಯೊಬ್ಬ ಕರೆ ಮಾಡಿ, ಫಯಾಜ್ ಮನೆಗೆ ಬಂದನೇ ಎಂದು ಕೇಳಿದ. ಗಲ್ಲಾದ ಮುಂದೆ ನಿಂತಿದ್ದವಳ ಬಾಯಿಗೆ ಅಂಗಡಿಯ ಮಾತೇ ಬಂತು: “ಮನ್ಯಾನಾ ವಿಯೆನೆ.” ನಾಳೆ ಬರುತ್ತಾನೆ. ಅವರು ಅದನ್ನು ನಂಬಿ, ಹುಡುಕಾಟ ನಿಲ್ಲಿಸಿ, ಕಡತ ಮುಚ್ಚಿದರು. ಮತ್ತೆ ತೆರೆಯಬೇಕಾದರೆ ಅವಳೇ ಫೋನಿನಲ್ಲಿ ಹೇಳಿಕೆ ಕೊಡಬೇಕು.

ಅಂಗಡಿಯಲ್ಲಿ ಆ ‘ಇಲ್ಲ’ಗಳ ಪಾಠ ಕೂಡದೆಂದು, ಕಾಲೇಜಿನಲ್ಲಿ ಕಲಿಸುವ ನನ್ನ ಮನೆಯ ಜಗುಲಿಗೆ ಬಂದು, ಎರಡು ತಿಂಗಳು ಕುಳಿತು ಕಲಿತಳು: ನಾದಾ ಎಂದರೆ ಏನೂ ಇಲ್ಲ; ನಾದಿಯೆ, ಯಾರೂ ಇಲ್ಲ; ನೂಂಕಾ, ಎಂದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಅರ್ಥದ ಜಾಗವನ್ನು ಖಾಲಿ ಬಿಡುತ್ತಿದ್ದಳು, ಫೋನಿನಲ್ಲಿ ನೋಡಿ ತುಂಬುತ್ತಿದ್ದವಳು ನಾನು.

“ಆ ಭಾಷೆಯೋರು ಒಂದೇ ಮಾತಿನಾಗೆ ಆ ಪದಾನ ಎರಡೆರಡು ಸಲ ಹೇಳ್ತಾರಂತ್ರೀ ಮೇಡಂ,” ಎಂದಳು ಒಮ್ಮೆ. “ನಂಗೆ ಒಂದು ಸಲ ಹೇಳಾಕೇ ನಾಲಿಗೆ ತಡೀತೈತೆ.”

ನಿನ್ನೆ ಸಂಜೆ ಏಳೂವರೆಗೆ, ಪೆರುವಿನಲ್ಲಿ ಆಗ ಬೆಳಿಗ್ಗೆ, ನನ್ನ ಜಗುಲಿಯಿಂದಲೇ ಕರೆ ಹೋಯಿತು. ಜಾಕೆಟ್ಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡು, ಎದ್ದು ನಿಂತೇ ಹೇಳಿದಳು: “ನೋ ಆ ವೆನೀದೊ. ನೋ ಲೊ ಆ ವಿಸ್ತೊ ನಾದಿಯೆ.” ಬಂದಿಲ್ಲ. ಯಾರೂ ನೋಡಿಲ್ಲ. ಕಡತ ತೆರೆಯುವುದಾಗಿ ಅವರು ಒಪ್ಪಿದರು. ಅವಳು ಅಳಲಿಲ್ಲ, ಚಹಾ ಮುಟ್ಟಲಿಲ್ಲ.

ಇಂದು ಲಕ್ಷ್ಮಕ್ಕ ಹಸಿರು ದಾರ ಕೇಳಿದಾಗ ನಾನೂ ಅಂಗಡಿಯಲ್ಲಿದ್ದೆ.

“ಇಲ್ಲ,” ಎಂದಳು ಹಜೀರಾ.

ನಗಲು ತೆರೆದ ಬಾಯನ್ನು ಮುಚ್ಚಿಕೊಂಡ ಲಕ್ಷ್ಮಕ್ಕ, “ಇರ್ಲಿ ಬಿಡವ್ವಾ, ನಾಳೆ ಬರ್ತೀನಿ,” ಎಂದು ಮೆಲ್ಲನೆ ಹೊರಟಳು.

ಹಜೀರಾಳಂಥವರು ಕೊರತೆಯನ್ನು ಬಾಯಿಬಿಟ್ಟು ಹೇಳದೆ ಬಾಳನ್ನು ಸಾಗಿಸುತ್ತಾರೆ. ಹುಡುಕುವುದಕ್ಕೆ ಮೊದಲು ಕಳೆದಿದೆಯೆಂದು ಒಪ್ಪಲೇಬೇಕಾದ ದಿನ, ಅವರ ಬಳಿ ಉಳಿದಿದ್ದ ನಾಳೆಯೂ ವೆಚ್ಚವಾಗುತ್ತದೆ.

ಇಂದಿನ ಖರ್ಚು: ಬಿಳಿ ದಾರದ ರೀಲು ಎರಡು, ಮೂವತ್ತು ರೂಪಾಯಿ. ನನಗೆ ಬೇಕಾಗಿರಲಿಲ್ಲ, ಅವಳಲ್ಲಿ ಇದ್ದದ್ದನ್ನು ಕೇಳಬೇಕೆನಿಸಿತು.